ಕಾರು ಅಗ್ಗ, ಟೈರು ದುಬಾರಿ!

ಸಂಜೆ ಬಸ್ಸು ಕಾಯುತ್ತಾ ನಿಂತ ಹುಡುಗರ ಕೈಲಿರುವ ಮೊಬೈಲಿನ ಕಡೆ ಒಂದು ಸಲ ಕಣ್ಣು ಹಾಯಿಸಿ. ಯಾವನೋ ಒಬ್ಬ ಕಾರಿನ ವಿಡಿಯೋ ನೋಡುತ್ತಿರುತ್ತಾನೆ. ಆ ಕಾರು ನೆಟ್ಟಗೆ ಹೋಗುವುದಿಲ್ಲ. ಏಡಿಯ ಹಾಗೆ ಅಡ್ಡಡ್ಡ ಹೋಗುತ್ತದೆ. ಹಿಂದಿನ ಟೈರುಗಳಿಂದ ಬಿಳಿ ಹೊಗೆ ಎದ್ದು ಕಾರೇ ಕಾಣದಂತಾಗುತ್ತದೆ. ಮೂತಿ ಒಂದು ಕಡೆ, ಬಾಲ ಇನ್ನೊಂದು ಕಡೆ. ಆದರೂ ತಿರುವು ದಾಟಿ ಸುರಕ್ಷಿತವಾಗಿ ಆಚೆ ಬರುತ್ತದೆ.

ಇದರ ಹೆಸರು ಡ್ರಿಫ್ಟ್.

ನೋಡಿದ ಹುಡುಗನ ತಲೆಯಲ್ಲಿ ಮರುಕ್ಷಣವೇ ಲೆಕ್ಕ ಶುರು. ಒಂದು ಹಳೇ ಕಾರು ತಗೊಂಡರೆ? ಗ್ಯಾರೇಜಿನಲ್ಲಿ ಒಂದಿಷ್ಟು ವೆಲ್ಡಿಂಗ್ ಮಾಡಿಸಿದರೆ? ಎಷ್ಟಾದೀತು?

ಹಳೇ ಅಗ್ಗದ ಸ್ಪೋರ್ಟ್ಸ್ ಕಾರನ್ನು ಡ್ರಿಫ್ಟ್ ಕಾರು ಮಾಡಿಕೊಳ್ಳುವುದು ಜಪಾನು, ಅಮೆರಿಕಾಗಳಲ್ಲಿ ದಶಕಗಳಿಂದ ನಡೆದು ಬಂದ ಬಾಬತ್ತು. ಅಲ್ಲಿನ ಹುಡುಗರು ಕೈ ಸುಟ್ಟುಕೊಂಡು ಕಲಿತ ಪಾಠಗಳಿವೆ. ಕೆಲವರು ಕೈಯಷ್ಟೇ ಅಲ್ಲ, ಜೀವವನ್ನೂ ಕಳೆದುಕೊಂಡಿದ್ದಾರೆ. ಇಲ್ಲಿ ಕೈ ಹಾಕುವ ಮೊದಲು ಅಲ್ಲಿನ ಕತೆ ತಿಳಿಯುವುದು ಒಳ್ಳೆಯದು.

ಗುರು ಒಬ್ಬ, ಶಿಷ್ಯ ಒಬ್ಬ

ಈ ವಿದ್ಯೆಗೆ ಮೂಲಪುರುಷ ಅಂತ ಹೇಳುವುದು ಕುನಿಮಿತ್ಸು ತಕಹಾಶಿ ಅವರನ್ನು. ಮೊದಲು ಇವರು ಬೈಕಿನ ಸವಾರ. 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಹೋಂಡಾ 250 ಸಿ.ಸಿ. ಬೈಕು ಓಡಿಸಿ ವಿಶ್ವ ಮಟ್ಟದ ರೇಸು ಗೆದ್ದ ಮೊದಲ ಜಪಾನೀಯ. ಆಮೇಲೆ ಕಾರಿಗೆ ಬಂದರು. 1970ರ ದಶಕದಲ್ಲಿ ನಿಸಾನ್ ಸ್ಕೈಲೈನ್ ಕಾರನ್ನು ತಿರುವಿನಲ್ಲಿ ಬೇಕೆಂದೇ ಜಾರಿಸಿ, ವೇಗ ಬಿಡದೆ ಆಚೆ ತರುತ್ತಿದ್ದರು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ತಕಹಾಶಿ ತೀರಿಕೊಂಡಿದ್ದು 2022ರಲ್ಲಿ.

ಹಾಗೆ ನೋಡಿ ಕಲಿತವರಲ್ಲಿ ಒಬ್ಬ ಕೇಯಿಚಿ ತ್ಸುಚಿಯಾ. 1956ರಲ್ಲಿ ನಗಾನೋ ಪ್ರಾಂತ್ಯದಲ್ಲಿ ಹುಟ್ಟಿದವರು. ಗುಡ್ಡದ ಅಂಕುಡೊಂಕು ರಸ್ತೆಯೇ ಇವರಿಗೆ ಪಾಠಶಾಲೆ. 1987ರಲ್ಲಿ ಇವರ ಗುಡ್ಡದ ಸವಾರಿಯ ವಿಡಿಯೋ ಹೊರಬಿತ್ತು. ನೋಡಿ, ಆಗಲೂ ವಿಡಿಯೋನೇ! ಜಪಾನಿನ ಹುಡುಗರಿಗೆ ಹುಚ್ಚು ಹಿಡಿದಿದ್ದು ಅಲ್ಲಿಂದ. ಇವರಿಗೆ 'ಡ್ರಿಫ್ಟ್ ಕಿಂಗ್' ಎಂಬ ಹೆಸರೂ ಬಂತು.

ಆದರೆ ಗುರು ಶಿಷ್ಯ ಇಬ್ಬರೂ ದೊಡ್ಡ ಹೆಸರು ಮಾಡಿದ್ದು ಗುಡ್ಡದ ರಸ್ತೆಯಲ್ಲಲ್ಲ. 1995ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಇವರಿಬ್ಬರೂ ಅಕಿರಾ ಈದಾ ಎಂಬ ಮೂರನೆಯವರ ಜತೆ ಒಂದೇ ಹೋಂಡಾ ಎನ್ಎಸ್ಎಕ್ಸ್ ಕಾರು ಓಡಿಸಿ ತಮ್ಮ ದರ್ಜೆಯಲ್ಲಿ ಮೊದಲ ಸ್ಥಾನ ಗಳಿಸಿದರು. ವಿಡಿಯೋ ನೋಡಿ ಹುಚ್ಚು ಹಿಡಿಸಿಕೊಂಡವರು ಈ ಮಾತನ್ನು ಮಾತ್ರ ಜ್ಞಾಪಕ ಇಟ್ಟುಕೊಳ್ಳುವುದಿಲ್ಲ.

ಕೊರೊಲ್ಲಾ ಎಂಬ ಸಾದಾ ಕಾರು

ತ್ಸುಚಿಯಾ ಕೈಲಿದ್ದದ್ದು ಏನು ಮಹಾ ಕಾರಲ್ಲ. ಟೊಯೋಟಾ ಕೊರೊಲ್ಲಾ ವಂಶದ ಎಇ 86. 1983ರಿಂದ 1987ರವರೆಗೆ ತಯಾರಾದ ಗಾಡಿ. 1587 ಸಿ.ಸಿ. ಎಂಜಿನ್ನು. ಕಂಪನಿ ಹೇಳಿದ ಲೆಕ್ಕದಲ್ಲಿ 130 ಅಶ್ವಶಕ್ತಿ. ತೂಕ ಒಂದು ಟನ್ನಿಗೂ ಕಡಿಮೆ.

ಹಾಗಾದರೆ ಅದರಲ್ಲಿ ಏನಿತ್ತು ಅಂತೀರಾ? ಅದೇ ಕಾಲದಲ್ಲಿ ಕೊರೊಲ್ಲಾದ ಹೆಚ್ಚಿನ ಕಾರುಗಳು ಮುಂದಿನ ಚಕ್ರ ಎಳೆಯುವ ಪದ್ಧತಿಗೆ ಬದಲಾದವು. ಇದು ಹಿಂದಿನ ಚಕ್ರ ತಳ್ಳುವ ಹಳೇ ಪದ್ಧತಿಯಲ್ಲೇ ಉಳಿಯಿತು. ಡ್ರಿಫ್ಟಿಗೆ ಬೇಕಾದ್ದು ಅದೇ.

ನಮ್ಮ ಹಳೇ ಅಂಬಾಸಿಡರ್ ಡ್ರೈವರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದ ಕೆಸರಿನಲ್ಲಿ ಅಂಬಾಸಿಡರ್ ಬಾಲ ಬೀಸಿದಾಗ ಅವರು ಏನು ಮಾಡುತ್ತಿದ್ದರು? ಬಾಲ ಎಡಕ್ಕೆ ಜಾರಿದರೆ ಸ್ಟೀರಿಂಗು ಎಡಕ್ಕೆ, ಬಲಕ್ಕೆ ಜಾರಿದರೆ ಬಲಕ್ಕೆ. ಗಾಡಿ ಸರಿಹೋಗುತ್ತಿತ್ತು. ಡ್ರಿಫ್ಟ್ ಎಂದರೂ ಅಷ್ಟೇ ಸ್ವಾಮಿ. ಅಂಬಾಸಿಡರ್ ಡ್ರೈವರು ಜಾರುವುದನ್ನು ನಿಲ್ಲಿಸಲು ಹಾಗೆ ಮಾಡುತ್ತಿದ್ದ. ಡ್ರಿಫ್ಟ್ ಮಾಡುವವನು ಆಕ್ಸಿಲರೇಟರು ಒತ್ತಿ ಹಿಡಿದು, ಆ ಜಾರುವಿಕೆಯನ್ನು ತಿರುವು ಮುಗಿಯುವ ತನಕ ಹಾಗೇ ಕಾಪಾಡಿಕೊಂಡು ಹೋಗುತ್ತಾನೆ.

ಎಇ 86 ಹಳತಾಗುತ್ತಾ ಬಂದಂತೆ ಜಪಾನಿನ ಕೂಲಿಕಾರ ಹುಡುಗನೂ ಕೊಳ್ಳಬಹುದಾದ ಗಾಡಿಯಾಯಿತು. ಅದರ ಜತೆಗೆ 1988ರಲ್ಲಿ ಬಂದ ನಿಸಾನ್ ಸಿಲ್ವಿಯಾ ಎಸ್ 13 ಸೇರಿತು. ಅಮೆರಿಕಾದಲ್ಲಿ ಇದೇ ಬುಡದ ಮೇಲೆ 240 ಎಸ್ಎಕ್ಸ್ ಎಂಬ ಹೆಸರಿನಲ್ಲಿ 2.4 ಲೀಟರಿನ ದೊಡ್ಡ ಎಂಜಿನ್ನು ಹಾಕಿ ಮಾರಿದರು. 1989ರ ಫೆಬ್ರವರಿಯಲ್ಲಿ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಮಜ್ದಾ ಮಿಯಾಟಾ ಹೊರಬಂತು. ಇಬ್ಬರೇ ಕೂರುವ, ಮೇಲೆ ಬಟ್ಟೆಯ ಟಾಪು ಇರುವ ಪುಟ್ಟ ಕಾರು. 1.6 ಲೀಟರಿನ ಎಂಜಿನ್ನು. ಇವೆಲ್ಲ ಹಿಂಚಕ್ರ ತಳ್ಳುವ ಜಾತಿಯವೇ. ಸೆಕೆಂಡ್ ಹ್ಯಾಂಡ್ ಆದ ಮೇಲೆ ಬಡ ಡ್ರಿಫ್ಟ್ ಹುಡುಗರ ಪಾಲಿಗೆ ಬಂದವು.

ಮೊದಲ ಖರ್ಚು ಯಾವುದು?

ಈಗ ಮುಖ್ಯ ವಿಷಯ. ಅಗ್ಗದ ಕಾರು ತಂದಾಯಿತು. ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಹೊಸಬ ಹೇಳುವುದು ಒಂದೇ ಮಾತು. ಎಂಜಿನ್ನಿಗೆ! ಟರ್ಬೋ ಹಾಕಿಸಬೇಕು, ಸೈಲೆನ್ಸರ್ ಬದಲಾಯಿಸಬೇಕು, ಕೂಗಬೇಕು! ತಿಳಿದವರು ಇದನ್ನು ಕೇಳಿ ನಗುತ್ತಾರೆ. ಅವರ ಪಟ್ಟಿಯಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಕೆಲಸಕ್ಕೆ ಕೊನೆಯ ಸಾಲು.

ಮೊದಲನೆಯದು ತಪಾಸಣೆ. ಹಳೇ ಕಾರಿನ ಬಣ್ಣಕ್ಕೆ ಮರುಳಾಗಬಾರದು, ಕೆಳಗೆ ಮಲಗಿ ನೋಡಬೇಕು. ಚಾಸಿ ತುಕ್ಕು ತಿಂದಿದೆಯಾ? ಹಿಂದೆ ಎಲ್ಲಾದರೂ ಗುದ್ದಿ ಟಿಂಕರಿಂಗ್ ಮಾಡಿ ಮುಚ್ಚಿದ್ದಾರಾ? ಶಾಕ್ ಅಬ್ಸಾರ್ಬರು ಕೂರುವ ಜಾಗ ಗಟ್ಟಿ ಇದೆಯಾ? ಇಲ್ಲಿ ಸೋತರೆ ಮುಂದಿನ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಎರಡನೆಯದು ರಿಪೇರಿ. ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು, ಸವೆದ ಬುಷ್ಷು, ಬಾಲ್ ಜಾಯಿಂಟು, ಸ್ಟೀರಿಂಗಿನ ಟೈ ರಾಡು, ಹಳೇ ಹೋಸು ಪೈಪು. ಇದರಲ್ಲಿ ಯಾವುದೂ ವಿಡಿಯೋದಲ್ಲಿ ಕಾಣುವುದಿಲ್ಲ, ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಆದರೆ ಅಡ್ಡ ಹೋಗುವ ಕಾರಿನಲ್ಲಿ ಬಾಲ್ ಜಾಯಿಂಟು ಕಳಚಿದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಮೂರನೆಯದು ರೇಡಿಯೇಟರು. ಡ್ರಿಫ್ಟಿನಲ್ಲಿ ಎಂಜಿನ್ನು ಒಂದೇ ಸಮ ಕಿರಿಚುತ್ತಿರುತ್ತದೆ. ಕಾರು ಅಡ್ಡ ಹೋಗುವುದರಿಂದ ಗಾಳಿ ಮುಂದಿನಿಂದ ನೆಟ್ಟಗೆ ಬಡಿಯುವುದಿಲ್ಲ. ನೀರು ಕುದಿದು, ಹೆಡ್ ಗ್ಯಾಸ್ಕೆಟ್ ಹೋಗಿ, ಮೊದಲ ದಿನವೇ ಗಾಡಿ ಮೂಲೆಗೆ ಸೇರಿದ ಉದಾಹರಣೆಗಳು ಬೇಕಾದಷ್ಟು. ಅದಕ್ಕೇ ಒಳ್ಳೆ ರೇಡಿಯೇಟರು, ಒಳ್ಳೆ ಫ್ಯಾನು ಬೇಕು.

ನಾಲ್ಕನೆಯದು ಸೀಟು. ನಗಬೇಡಿ! ಮಾಮೂಲಿ ಸೀಟಿನಲ್ಲಿ ಕೂತವನು ತಿರುವಿನಲ್ಲಿ ತಾನೇ ಜಾರುತ್ತಾನೆ. ಬೀಳದಿರಲು ಸ್ಟೀರಿಂಗು ಹಿಡಿದು ಜೋತಾಡುತ್ತಾನೆ. ಕಾರು ಓಡಿಸುವುದು ಯಾವಾಗ? ಮೈಯನ್ನು ಕಚ್ಚಿ ಹಿಡಿಯುವ ಸೀಟು, ಭುಜದ ಮೇಲಿಂದ ಬರುವ ಬೆಲ್ಟು ಇದ್ದರೆ ಕೈಗೆ ಸ್ಟೀರಿಂಗಿನ ಕೆಲಸ ಒಂದೇ. ಜತೆಗೆ ಹೆಲ್ಮೆಟ್ಟು, ಬೆಂಕಿ ಆರಿಸುವ ಸಿಲಿಂಡರು. ಮಿಯಾಟಾದಂಥ ಟಾಪಿಲ್ಲದ ಕಾರಾದರೆ ತಲೆಯ ಹಿಂದೆ ಕಬ್ಬಿಣದ ಕಮಾನು ಕಡ್ಡಾಯ. ಅದಿಲ್ಲದೆ ಬಹಳಷ್ಟು ಟ್ರಾಕುಗಳಲ್ಲಿ ಒಳಗೇ ಬಿಡುವುದಿಲ್ಲ.

ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ, ಕಾರು ಕೊಂಡು ಹೆಲ್ಮೆಟ್ಟಿಗೆ ಹಿಂದೆ ಮುಂದೆ ನೋಡುವವರು ಅಲ್ಲೂ ಇದ್ದಾರೆ.

ವೆಲ್ಡಿಂಗಿನ ಮಹಿಮೆ

ಬಡವರ ಡ್ರಿಫ್ಟ್ ಕಾರಿನ ಅಸಲಿ ಗುಟ್ಟು ಇರುವುದು ಹಿಂದಿನ ಆಕ್ಸಲಿನ ಮಧ್ಯದಲ್ಲಿ. ಅದೇ ಡಿಫರೆನ್ಶಿಯಲ್.

ಯಾವುದೇ ಗಾಡಿ ತಿರುವು ತೆಗೆದುಕೊಂಡಾಗ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು, ಒಳಗಿನ ಚಕ್ರ ಕಡಿಮೆ. ಇಬ್ಬರಿಗೂ ಅವರವರ ಲೆಕ್ಕ ಕೊಡುವುದು ಡಿಫರೆನ್ಶಿಯಲಿನ ಒಳಗಿನ ಸ್ಟಾರ್ ಪಿನಿಯನ್ ಹಲ್ಲುಗಳು. ರಸ್ತೆಗೆ ಇದು ಸರಿ. ಆದರೆ ಡ್ರಿಫ್ಟಿನಲ್ಲಿ ಒಳಗಿನ ಚಕ್ರದ ಮೇಲೆ ಭಾರ ಕಡಿಮೆಯಾಗುತ್ತದೆ. ಎಂಜಿನ್ನಿನ ಶಕ್ತಿಯೆಲ್ಲ ಆ ಹಗುರಾದ ಚಕ್ರಕ್ಕೇ ಹರಿದು, ಅದು ಸುಮ್ಮನೆ ಗಿರ್ರನೆ ಸುತ್ತುತ್ತದೆ. ಕಾರು ಜಾರುವುದಿಲ್ಲ.

ದುಡ್ಡಿದ್ದವನು ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಹಾಕಿಸುತ್ತಾನೆ. ಇಲ್ಲದವನು? ಡಿಫರೆನ್ಶಿಯಲ್ ಬಿಚ್ಚಿ, ಎಣ್ಣೆ ಪೂರಾ ತೊಳೆದು, ಆ ಸ್ಟಾರ್ ಪಿನಿಯನ್ನುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿಸಿಬಿಡುತ್ತಾನೆ. ಅಲ್ಲಿಗೆ ಎರಡೂ ಚಕ್ರ ಒಂದೇ ಸಮ ತಿರುಗುತ್ತವೆ. ಖರ್ಚು ವೆಲ್ಡರನ ಕೂಲಿ, ಹೊಸ ಗೇರ್ ಆಯಿಲು, ಅಷ್ಟೇ.

ಆದರೆ ಕಾಸಿಗೆ ತಕ್ಕ ಕಜ್ಜಾಯ. ವೆಲ್ಡ್ ಮಾಡಿದ ಕಾರು ಮಾಮೂಲಿ ರಸ್ತೆಯ ಸಣ್ಣ ತಿರುವಿನಲ್ಲೂ ಟೈರು ಎಳೆದಾಡಿ ಕೀರಲಿಡುತ್ತದೆ. ಆಕ್ಸಲ್ ಶಾಫ್ಟಿನ ಮೇಲೆ ಹೊರೆ ಬೀಳುತ್ತದೆ. ವೆಲ್ಡಿಂಗು ಸರಿ ಕೂರದೆ ತುಂಡು ಕಿತ್ತರೆ ಹೌಸಿಂಗ್ ಒಳಗೆ ಹಲ್ಲೆಲ್ಲ ಪುಡಿ. ಅಂದರೆ ಈ ಕೆಲಸ ಮಾಡಿಸಿದ ದಿನದಿಂದ ಅದು ಸಂತೆಗೆ, ಮದುವೆಗೆ ಹೋಗುವ ಕಾರಲ್ಲ. ಟ್ರಾಕಿಗೆ ಮಾತ್ರ.

ಮಿಕ್ಕ ಕೆಲಸ ಸಣ್ಣಪುಟ್ಟದ್ದು. ಗಟ್ಟಿ ಸ್ಪ್ರಿಂಗು, ಗಟ್ಟಿ ಶಾಕ್ ಅಬ್ಸಾರ್ಬರು. ಮುಂಚಕ್ರ ಇನ್ನಷ್ಟು ತಿರುಗುವಂತೆ ಸ್ಟೀರಿಂಗಿನಲ್ಲಿ ಸ್ವಲ್ಪ ಬದಲಾವಣೆ. ಚೆನ್ನಾಗಿ ಹಿಡಿಯುವ ಹ್ಯಾಂಡ್ ಬ್ರೇಕು. ಹಿಂದಿನ ಸೀಟು, ಕಾರ್ಪೆಟ್ಟು, ಬೇಡದ ಸಾಮಾನು ಕಿತ್ತು ಹೊರಗೆ ಹಾಕಿದರೆ ತೂಕ ಕಡಿಮೆ, ಖರ್ಚು ಸೊನ್ನೆ.

ಅಸಲಿಗಿಂತ ಬಡ್ಡಿ ಜಾಸ್ತಿ

ಇಷ್ಟೆಲ್ಲ ಆದ ಮೇಲೆ ಶುರುವಾಗುತ್ತದೆ ಅಸಲಿ ಖರ್ಚು. ಟೈರು!

ಡ್ರಿಫ್ಟಿನಲ್ಲಿ ಏಳುವ ಆ ಬಿಳಿ ಹೊಗೆ ಏನು? ರಬ್ಬರು ಸುಡುವ ಹೊಗೆ. ಅಂದರೆ ದುಡ್ಡು ಸುಡುವ ಹೊಗೆ. ಒಂದು ಜೊತೆ ಹಿಂದಿನ ಟೈರು ಒಂದೇ ದಿನದ ಅಭ್ಯಾಸದಲ್ಲಿ ಮುಗಿಯಬಹುದು. ಕಾರು ಒಂದೇ ಸಲ ಕೊಂಡರಾಯಿತು, ಟೈರು ಪ್ರತಿ ಸಲ. ದಿನಸಿ ಅಂಗಡಿ ನಡೆಸುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಅಂಗಡಿಗೆ ಕೊಟ್ಟ ಅಡ್ವಾನ್ಸು ಒಂದು ಸಲ, ಬಾಡಿಗೆ ತಿಂಗಳು ತಿಂಗಳು!

ಅದಕ್ಕೇ ಅಲ್ಲಿನ ಬಡ ಹುಡುಗರ ಉಪಾಯ ಹೀಗೆ. ಮುಂದಿನ ಎರಡು ಚಕ್ರಕ್ಕೆ ಒಳ್ಳೆ ಟೈರು. ಯಾಕೆಂದರೆ ದಾರಿ ತೋರಿಸುವುದು ಅವೇ. ಹಿಂದೆ ಮಾತ್ರ ಅಗ್ಗದ, ಅಗಲ ಕಡಿಮೆಯ, ಯಾರೋ ಬಳಸಿ ಬಿಟ್ಟ ಟೈರು. ಟೈರು ಸಣ್ಣದಾದಷ್ಟೂ ಬೇಗ ಜಾರುತ್ತದೆ, ಕಡಿಮೆ ಶಕ್ತಿಯ ಎಂಜಿನ್ನೂ ಸಾಕಾಗುತ್ತದೆ. ಎಂಜಿನ್ನಿಗೆ ಶಕ್ತಿ ಹೆಚ್ಚಿಸಿದವನು ಟೈರನ್ನೂ ಅಷ್ಟೇ ಬೇಗ ಸುಡುತ್ತಾನೆ. ಎಂಜಿನ್ನು ಕೊನೆಗೆ ಅಂತ ತಿಳಿದವರು ಹೇಳುವುದಕ್ಕೆ ಇದೂ ಒಂದು ಕಾರಣ. ಆದರೆ ಒಳಗಿನ ತಂತಿ ಕಾಣುವಷ್ಟು ಸವೆದ ಟೈರು ಹಾಕಿದರೆ ಅದು ಸಿಡಿದು ಮಡ್‌ಗಾರ್ಡನ್ನೇ ಹರಿದು ಹಾಕುತ್ತದೆ.

ಇನ್ನೊಂದು ಉಪಾಯ ನೀರು. ನೆಲ ಒದ್ದೆ ಮಾಡಿಕೊಂಡು ಕಲಿತರೆ ಟೈರು ಸವೆಯುವುದು ಕಡಿಮೆ, ವೇಗವೂ ಕಡಿಮೆ ಸಾಕು. ಒಂದು ಖಾಲಿ ಮೈದಾನ, ನಡುವೆ ಒಂದು ಕೋನು, ಅದರ ಸುತ್ತ ಗುಂಡಗೆ ಸುತ್ತುವುದು. ಮೊದಲು ನೂರು ಸಲ ಕಾರು ಬುಗುರಿಯ ಹಾಗೆ ತಿರುಗಿ ನಿಲ್ಲುತ್ತದೆ. ಮಿಯಾಟಾದಂಥ ಗಿಡ್ಡ ಕಾರಾದರೆ ಇನ್ನೂ ಬೇಗ ತಿರುಗಿ ನಿಲ್ಲುತ್ತದೆ. ಅದರ ಮುಂದಿನ ಹಿಂದಿನ ಚಕ್ರಗಳ ನಡುವೆ 2265 ಮಿಲಿಮೀಟರ್ ಅಂತರ, ಸಿಲ್ವಿಯಾದ್ದು 2475. ಆ ಒಂದು ಗೇಣು ಅಂತರವೇ ಹೊಸಬನಿಗೆ ಸುಧಾರಿಸಿಕೊಳ್ಳಲು ಒಂದು ಕ್ಷಣ ಹೆಚ್ಚು ಕೊಡುತ್ತದೆ.

ಬಡವರ ಕಾರು ಶ್ರೀಮಂತರ ಪಾಲು

ಈ ಕತೆಯಲ್ಲಿ ಒಂದು ವ್ಯಂಗ್ಯವೂ ಇದೆ. 1995ರಲ್ಲಿ ಜಪಾನಿನಲ್ಲಿ 'ಇನಿಷಿಯಲ್ ಡಿ' ಎಂಬ ಚಿತ್ರಕತೆ ಶುರುವಾಯಿತು. ಅದರ ನಾಯಕ ತೋಫು ಅಂಗಡಿಯವನ ಮಗ. ಅಪ್ಪನ ಹಳೇ ಎಇ 86ರಲ್ಲಿ ಬೆಳಗಿನ ಜಾವ ಗುಡ್ಡದ ಮೇಲಿನ ಹೋಟೆಲಿಗೆ ತೋಫು ಸಾಗಿಸುತ್ತಾ ಸಾಗಿಸುತ್ತಾ ಮಹಾ ಚಾಲಕನಾಗುತ್ತಾನೆ. ಕತೆ 2013ರವರೆಗೆ ನಡೆಯಿತು. ನಡುವೆ 2006ರಲ್ಲಿ ಹಾಲಿವುಡ್ಡಿನ 'ಟೋಕಿಯೋ ಡ್ರಿಫ್ಟ್' ಸಿನಿಮಾ. ಅದರಲ್ಲಿ ತ್ಸುಚಿಯಾ ಮೀನು ಹಿಡಿಯುವವನ ಸಣ್ಣ ಪಾತ್ರದಲ್ಲಿ ಬಂದುಹೋಗುತ್ತಾರೆ.

ಪರಿಣಾಮ? ಗುಜರಿಗೆ ಹೋಗಬೇಕಿದ್ದ ಕಾರಿಗೆ ಚಿನ್ನದ ಬೆಲೆ. ಡ್ರಿಫ್ಟಿನಲ್ಲಿ ಗುದ್ದಿ ಹಾಳಾದವು ಎಷ್ಟೋ, ತುಕ್ಕು ತಿಂದವು ಎಷ್ಟೋ. ಉಳಿದವಕ್ಕೆ ಪೈಪೋಟಿ. 25 ವರ್ಷ ದಾಟಿದ ವಿದೇಶಿ ಕಾರನ್ನು ಅಮೆರಿಕಾ ಸುಲಭವಾಗಿ ಒಳಗೆ ಬಿಡುತ್ತದೆ. ಹಾಗಾಗಿ ಜಪಾನಿನ ಹಳೇ ಸಿಲ್ವಿಯಾಗಳು ಹಡಗು ಹತ್ತಿದವು. ಅಗ್ಗ ಅಂತ ಹುಟ್ಟಿದ ಹವ್ಯಾಸ, ಆ ಅಗ್ಗದ ಕಾರನ್ನೇ ದುಬಾರಿ ಮಾಡಿತು. ಎಇ 86ರ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸುವುದಾಗಿ ಟೊಯೋಟಾ ಕಂಪನಿಯೇ 2021ರಲ್ಲಿ ಹೇಳಬೇಕಾಯಿತು ಎಂದರೆ ಲೆಕ್ಕ ಹಾಕಿಕೊಳ್ಳಿ!

ಪಂದ್ಯದ ಮಟ್ಟದಲ್ಲಂತೂ ಕೇಳಬೇಡಿ. 2000ದಲ್ಲಿ ಫುಕುಶಿಮಾ ಪ್ರಾಂತ್ಯದ ಎಬಿಸು ಸರ್ಕ್ಯೂಟಿನಲ್ಲಿ ಜಪಾನಿನ ಡಿ 1 ಪಂದ್ಯಾವಳಿ ಶುರು. 2004ರಲ್ಲಿ ಅಮೆರಿಕಾದಲ್ಲಿ ಫಾರ್ಮುಲಾ ಡ್ರಿಫ್ಟ್. ಇಲ್ಲಿ ಯಾರು ಮೊದಲು ಬಂದರು ಎಂಬ ಲೆಕ್ಕವಿಲ್ಲ. ಎಷ್ಟು ಅಡ್ಡ ಹೋದ, ಹೇಳಿದ ದಾರಿಯಲ್ಲೇ ಹೋದನಾ, ಎಷ್ಟು ಚೆಂದ ಹೋದ ಎಂದು ತೀರ್ಪುಗಾರರು ಅಂಕ ಕೊಡುತ್ತಾರೆ. ಭರತನಾಟ್ಯದ ಸ್ಪರ್ಧೆ ಇದ್ದ ಹಾಗೆ. ಆದರೆ ಅಮೆರಿಕಾದ ಪಂದ್ಯದ ಈಗಿನ ಕಾರುಗಳಲ್ಲಿ ಸಾವಿರ ಅಶ್ವಶಕ್ತಿ ಎಂದರೆ ಮಾಮೂಲು. 130ರ ಕೊರೊಲ್ಲಾ ಎಲ್ಲಿ, ಇದೆಲ್ಲಿ!

ಗುಡ್ಡದ ರಸ್ತೆ ಕಲಿಸಿದ್ದು

ಹುಡುಗರು ಗುಡ್ಡ ಬಿಟ್ಟು ಟ್ರಾಕಿಗೆ ಬಂದದ್ದು ಸುಮ್ಮನೆ ಅಲ್ಲ. ಗುಡ್ಡದ ರಸ್ತೆ ಕಿರಿದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅಡ್ಡ ಬರುವ ಕಾರಿಗೆ ಎರಡೂ ಲೇನು ಬೇಕು. ಎದುರಿನಿಂದ ಹಾಲಿನ ವ್ಯಾನು ಬಂದರೆ? ಸತ್ತವರಲ್ಲಿ ಓಡಿಸಿದವರೂ ಇದ್ದರು, ಏನೂ ತಿಳಿಯದವರೂ ಇದ್ದರು. ಪೊಲೀಸರು ಬಿಗಿ ಮಾಡಿದರು. ಊರಿನವರ ದೂರಿನ ಮೇಲೆ ಎಷ್ಟೋ ತಿರುವುಗಳಲ್ಲಿ ರಸ್ತೆಗೆ ಉಬ್ಬು ಹಾಕಿದರು. ಟ್ರಾಕಿನವರು ಬಾಗಿಲು ತೆರೆದು, ದಿನದ ಶುಲ್ಕ ಕೊಟ್ಟವನನ್ನು ಒಳಗೆ ಬಿಡುವ ಪದ್ಧತಿ ಬಂದ ಮೇಲೆ ಈ ವಿದ್ಯೆಗೆ ಮರ್ಯಾದೆ ಬಂತು. 2017ರಲ್ಲಿ ವಿಶ್ವ ಮೋಟಾರು ಕ್ರೀಡಾ ಸಂಸ್ಥೆ ಎಫ್ಐಎ ಟೋಕಿಯೋದಲ್ಲಿ ತನ್ನದೇ ಡ್ರಿಫ್ಟ್ ಕಪ್ಪು ನಡೆಸಿತು.

ನಮ್ಮಲ್ಲಿ ಆಗುತ್ತಾ?

ಈಗ ಬಸ್ ಸ್ಟ್ಯಾಂಡಿನ ಹುಡುಗನ ಲೆಕ್ಕಕ್ಕೆ ಬರೋಣ.

ಮೊದಲನೆಯದು, ಇಲ್ಲಿ ಅಂಥ ಕಾರೇ ಇಲ್ಲ. 1983ರಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಸಣ್ಣ ಕಾರುಗಳೆಲ್ಲ ಹೆಚ್ಚುಕಮ್ಮಿ ಮುಂಚಕ್ರ ಎಳೆಯುವ ಜಾತಿಯವು. ಅವುಗಳ ಹ್ಯಾಂಡ್ ಬ್ರೇಕು ಎಳೆದರೆ ಬಾಲ ಒಂದು ಸಲ ಜಾರುತ್ತದೆ, ಅಷ್ಟೇ. ಆಕ್ಸಿಲರೇಟರಿನಿಂದ ಅದನ್ನು ಹಿಡಿದು ನಿಲ್ಲಿಸಲು ಆಗದು. ಹಿಂಚಕ್ರದ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಓಮ್ನಿ ವ್ಯಾನಿಗೆ ಹಿಂಚಕ್ರವೇ, ಆದರೆ ಅಷ್ಟು ಎತ್ತರದ ಗಾಡಿ ಜಾರುವ ಮೊದಲೇ ಮಗುಚೀತು. ಇನ್ನು ಜಪಾನಿನಿಂದ ಹಳೇ ಸಿಲ್ವಿಯಾ ತರಿಸೋಣ ಎಂದರೆ, ಮೂರು ವರ್ಷಕ್ಕಿಂತ ಹಳೆಯ ಮಾಮೂಲಿ ಸೆಕೆಂಡ್ ಹ್ಯಾಂಡ್ ಕಾರಿಗೆ ನಮ್ಮ ಆಮದು ನಿಯಮದಲ್ಲಿ ಜಾಗವಿಲ್ಲ.

ಎರಡನೆಯದು, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಿ ರಸ್ತೆಗೆ ಇಳಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಹಾಗೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಸಾರ್ವಜನಿಕ ರಸ್ತೆಯಲ್ಲಿ ರೇಸು ನಡೆಸಿದರೆ ಮೂರು ತಿಂಗಳವರೆಗೆ ಜೈಲು ಅಥವಾ 5000ದವರೆಗೆ ದಂಡ, ಎರಡನೇ ಸಲಕ್ಕೆ ಒಂದು ವರ್ಷ ಅಥವಾ 10,000. ಓಡಿಸಿದವನು 18 ದಾಟದ ಹುಡುಗನಾದರೆ? ಅಪ್ಪನಿಗೋ ಗಾಡಿಯ ಮಾಲೀಕನಿಗೋ ಮೂರು ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ನೋಂದಣಿಯೂ ಒಂದು ವರ್ಷ ರದ್ದು. ಸಾಲ ಮಾಡಿ ಮಗನಿಗೆ ಗಾಡಿ ಕೊಡಿಸಿದ ಅಂಗಡಿಯವರು ಈ ಸಾಲನ್ನು ಎರಡು ಸಲ ಓದಿಕೊಂಡರೆ ಕ್ಷೇಮ.

ಹಾಗಾದರೆ ದಾರಿಯೇ ಇಲ್ಲವಾ? ಇದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರಾಕು ಇವೆ. ಖಾಲಿ ಮೈದಾನದಲ್ಲಿ ಕೋನು ಇಟ್ಟು ನಡೆಸುವ ಆಟೋಕ್ರಾಸ್ ಸ್ಪರ್ಧೆಗಳಿವೆ. ಅಲ್ಲಿಗೆ ಮಾಮೂಲಿ ಕಾರಿನಲ್ಲೇ ಹೋಗಿ, ಲೈಸೆನ್ಸು ಹೆಲ್ಮೆಟ್ಟು ಸಮೇತ ಕೈ ಕುದುರಿಸಿಕೊಳ್ಳಬಹುದು. ಆಂಬುಲೆನ್ಸು ಪಕ್ಕದಲ್ಲೇ ನಿಂತಿರುತ್ತದೆ. ಎದುರಿನಿಂದ ಹಾಲಿನ ವ್ಯಾನು ಬರುವುದಿಲ್ಲ.

ಆದರೆ ಹೆದ್ದಾರಿಯ ಸರ್ವಿಸ್ ರಸ್ತೆ, ಹೊಸ ಬಡಾವಣೆಯ ಖಾಲಿ ರಸ್ತೆ, ಕಾಲೇಜಿನ ಮುಂದಿನ ತಿರುವು, ಇವು ಟ್ರಾಕುಗಳಲ್ಲ. ಅಲ್ಲಿ ಬಸ್ಸು ಇಳಿದು ಮನೆಗೆ ನಡೆದು ಹೋಗುವವರಿದ್ದಾರೆ. ತಳ್ಳುಗಾಡಿಯವರಿದ್ದಾರೆ. ಟ್ಯೂಷನ್ ಮುಗಿಸಿ ಬರುವ ಮಕ್ಕಳಿದ್ದಾರೆ.

ಬ್ರೇಕು ಮೊದಲು, ಎಂಜಿನ್ನು ಕೊನೆಗೆ. ಟ್ರಾಕು ಮೊದಲು, ವಿಡಿಯೋ ಕೊನೆಗೆ. ಜಪಾನಿನ ಹುಡುಗರು ಎಷ್ಟೋ ಕಾರು, ಎಷ್ಟೋ ಟೈರು, ಎಷ್ಟೋ ಜೀವ ಕಳೆದುಕೊಂಡು ಕಲಿತದ್ದು ಇಷ್ಟು. ನಮ್ಮ ಹುಡುಗರಿಗೆ ಅದು ಬಿಟ್ಟಿಯಾಗಿ ಸಿಕ್ಕಿದೆ. ತಗೊಂಡರೆ ಲಾಭ ಅವರಿಗೇ, ರಸ್ತೆ ದಾಟುವ ನಮಗೂ.